ಕಾವಲು ಒಂದನೇ ತರಗತಿಗೆ, ನೂಕುನುಗ್ಗಲು ಎಲ್‌ಕೆಜಿಗೆ

ಬೆಂಗಳೂರು: ದಸರಾ ರಜೆ ಮುಗಿದು ಶಾಲೆಗಳು ಮತ್ತೆ ಬಾಗಿಲು ತೆರೆಯುವ ಹೊತ್ತಿಗೆ ರಾಜಧಾನಿಯ ಅನೇಕ ಮನೆಗಳಲ್ಲಿ ಮುಂದಿನ ಜೂನ್ ತಿಂಗಳ ಚಿಂತೆ ಆರಂಭವಾಗುತ್ತದೆ. ಮಗುವಿಗೆ ಮೂರು ವರ್ಷ ತುಂಬಿ ಕೆಲವೇ ತಿಂಗಳಾಗಿರುತ್ತದೆ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಓಡಾಡುವ ವಯಸ್ಸು ಅದು. ಆದರೆ ಯಾವ ಶಾಲೆ ಅರ್ಜಿ ಬಿಟ್ಟಿದೆ, ಯಾವ ಆಡಳಿತ ಮಂಡಳಿಯಲ್ಲಿ ಪರಿಚಿತರಿದ್ದಾರೆ, ಸಂದರ್ಶನಕ್ಕೆ ಕರೆದರೆ ಏನೇನು ಕೇಳುತ್ತಾರೆ ಎಂಬ ವಿಚಾರಣೆ ನೆಂಟರಿಷ್ಟರಲ್ಲೂ ಕಚೇರಿಯ ಸಹೋದ್ಯೋಗಿಗಳಲ್ಲೂ ಬಿರುಸಿನಿಂದ ನಡೆದಿರುತ್ತದೆ.

ಒಂದು ಕಾಲಕ್ಕೆ ಅರ್ಜಿ ನಮೂನೆಗಾಗಿ ಪೋಷಕರು ಶಾಲೆಯ ಗೇಟಿನ ಮುಂದೆ ನಸುಕಿನಲ್ಲೇ ಸಾಲು ನಿಲ್ಲುತ್ತಿದ್ದರು. ಈಗ ಬಹುತೇಕ ಅರ್ಜಿಗಳು ಅಂತರ್ಜಾಲಕ್ಕೆ ಬಂದಿವೆ. ಸಾಲು ಕಣ್ಣಿಗೆ ಕಾಣದಾಗಿದೆ, ಆದರೆ ಕರಗಿಲ್ಲ. ಈ ಧಾವಂತ ಬೆಂಗಳೂರಿಗಷ್ಟೇ ಸೀಮಿತವೂ ಅಲ್ಲ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ದಾವಣಗೆರೆ, ಕಲಬುರಗಿ ಹೀಗೆ ಪ್ರತಿಯೊಂದು ನಗರದಲ್ಲೂ ಎರಡೋ ಮೂರೋ ‘ಪ್ರತಿಷ್ಠಿತ’ ಶಾಲೆಗಳಿವೆ. ಅಲ್ಲಿ ಸೀಟು ಗಿಟ್ಟಿಸುವುದೇ ಒಂದು ಸಾಧನೆ ಎಂಬ ಭಾವನೆ ಬೇರೂರಿದೆ.

ಇಂತಹ ಪೈಪೋಟಿಗೆ ಎಳೆಯ ಮಕ್ಕಳು ಬಲಿಯಾಗಬಾರದೆಂದೇ ದೇಶದಲ್ಲಿ ಕಾನೂನು ಬಂದು ಹದಿನೈದು ವರ್ಷಗಳು ಕಳೆದಿವೆ. ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆಗೆ ಒಳಪಡಿಸುವಂತಿಲ್ಲ, ವಂತಿಗೆ ಕೇಳುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಹೀಗಿದ್ದೂ ಸಂದರ್ಶನ ಏಕೆ ನಿಂತಿಲ್ಲ? ಕಾನೂನು ಕಾವಲು ನಿಂತಿರುವ ಬಾಗಿಲೇ ಬೇರೆ, ಮಕ್ಕಳು ಒಳಗೆ ಹೋಗುತ್ತಿರುವ ಬಾಗಿಲೇ ಬೇರೆ ಎಂಬುದರಲ್ಲಿ ಇದಕ್ಕೆ ಉತ್ತರವಿದೆ.

ಕಾಯ್ದೆ ಹೇಳುವುದೇನು?

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ 13ನೇ ಕಲಂ ಎರಡು ವಿಷಯಗಳನ್ನು ನಿಷೇಧಿಸುತ್ತದೆ. ಒಂದು, ಶಾಲೆ ಅಧಿಕೃತವಾಗಿ ಪ್ರಕಟಿಸಿದ ಶುಲ್ಕದ ಹೊರತಾಗಿ ಪಡೆಯುವ ಯಾವುದೇ ದೇಣಿಗೆ ಅಥವಾ ವಂತಿಗೆ. ಇನ್ನೊಂದು, ಮಗುವಿನ ಅಥವಾ ಪೋಷಕರ ಜರಡಿ ಹಿಡಿಯುವಿಕೆ. ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಲು ಲಾಟರಿಯಂತಹ ಯಾದೃಚ್ಛಿಕ ವಿಧಾನವನ್ನಲ್ಲದೆ ಬೇರೆ ಯಾವ ಕ್ರಮ ಅನುಸರಿಸಿದರೂ ಅದು ಜರಡಿ ಹಿಡಿದಂತೆಯೇ ಸರಿ ಎಂದು ಕಾಯ್ದೆ ವ್ಯಾಖ್ಯಾನಿಸಿದೆ. ವಂತಿಗೆ ಪಡೆದರೆ ಆ ಮೊತ್ತದ ಹತ್ತು ಪಟ್ಟಿನವರೆಗೆ ದಂಡವಿದೆ. ಜರಡಿ ಹಿಡಿದರೆ ಮೊದಲ ತಪ್ಪಿಗೆ 25 ಸಾವಿರ ರೂಪಾಯಿ, ನಂತರದ ಪ್ರತಿ ತಪ್ಪಿಗೆ 50 ಸಾವಿರ ರೂಪಾಯಿವರೆಗೆ ದಂಡ ವಿಧಿಸಬಹುದು.

ಓದಲು ಬಿಗಿಯಾಗಿಯೇ ಇದೆ. ಆದರೆ ಇದೇ ಕಾಯ್ದೆಯ ಪ್ರಕಾರ ‘ಮಗು’ ಎಂದರೆ 6ರಿಂದ 14 ವರ್ಷದೊಳಗಿನವರು ಮಾತ್ರ. ನಗರಗಳ ಹೆಸರಾಂತ ಶಾಲೆಗಳಲ್ಲಿ ಆರನೇ ವಯಸ್ಸಿಗೆ ಹೊಸದಾಗಿ ಸೇರುವವರು ವಿರಳ. ಅಲ್ಲಿ ಪ್ರವೇಶ ನಡೆಯುವುದು ನರ್ಸರಿ ಅಥವಾ ಎಲ್‌ಕೆಜಿಗೆ, ಮೂರು-ನಾಲ್ಕನೇ ವಯಸ್ಸಿನಲ್ಲಿ. ಒಳಗೆ ಬಂದ ಮಕ್ಕಳೇ ಯುಕೆಜಿ ಮುಗಿಸಿ ಒಂದನೇ ತರಗತಿಗೆ ಏರುವುದರಿಂದ ಆ ಹೊತ್ತಿಗೆ ಖಾಲಿ ಉಳಿಯುವ ಸೀಟುಗಳು ಬೆರಳೆಣಿಕೆಯಷ್ಟು. ಯಾರಾದರೂ ಊರು ಬಿಟ್ಟು ಹೋದರೆ ಒಂದೆರಡು ಸಿಗಬಹುದು.

ಈ ಅಂತರವನ್ನು ನ್ಯಾಯಾಲಯವೂ ಗುರುತಿಸಿದೆ. ಶೇ 25ರ ಮೀಸಲು ಕೋಟಾ ಹೊರತುಪಡಿಸಿ ಉಳಿದ ನರ್ಸರಿ ಪ್ರವೇಶಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂದು ದೆಹಲಿ ಹೈಕೋರ್ಟ್ 2013ರ ಫೆಬ್ರುವರಿಯಲ್ಲಿ ತೀರ್ಪು ನೀಡಿತು. ಪುಟ್ಟ ಮಕ್ಕಳ ಹಿತದೃಷ್ಟಿಯಿಂದ ಕಾಯ್ದೆಗೆ ತಿದ್ದುಪಡಿ ತರುವ ಬಗ್ಗೆ ಸರ್ಕಾರ ಆಲೋಚಿಸುವುದು ಒಳಿತು ಎಂಬ ಆಶಯವನ್ನೂ ವ್ಯಕ್ತಪಡಿಸಿತು. ತಿದ್ದುಪಡಿ ಬರಲಿಲ್ಲ. ಪರಿಣಾಮವಾಗಿ, ಪೈಪೋಟಿ ಇಲ್ಲದ ತರಗತಿಗೆ ರಕ್ಷಣೆ ಇದೆ, ಪೈಪೋಟಿ ಇರುವ ತರಗತಿಗೆ ರಕ್ಷಣೆ ಇಲ್ಲ.

ಕರ್ನಾಟಕದ ಮಟ್ಟಿಗೆ ವಂತಿಗೆ ನಿಷೇಧ ಹೊಸದೇನಲ್ಲ. ವೃತ್ತಿಪರ ಕಾಲೇಜುಗಳ ಡೊನೇಷನ್ ಹಾವಳಿ ವಿವಾದಕ್ಕೆ ಗುರಿಯಾಗಿದ್ದ ದಿನಗಳಲ್ಲಿ, 1984ರಲ್ಲೇ, ರಾಜ್ಯವು ವಂತಿಗೆ ನಿಷೇಧ ಕಾಯ್ದೆ ತಂದಿತ್ತು. ಆದರೆ ಕಾಲಕ್ರಮದಲ್ಲಿ ಹಣ ಹೆಸರು ಬದಲಿಸಿಕೊಂಡಿತು. ಕಟ್ಟಡ ನಿಧಿ, ಅಭಿವೃದ್ಧಿ ಶುಲ್ಕ, ಮರಳಿಸುವ ಠೇವಣಿ, ಒಂದು ಬಾರಿಯ ಪ್ರವೇಶ ಶುಲ್ಕ ಎಂಬ ಶೀರ್ಷಿಕೆಗಳಡಿ ರಸೀದಿ ಸಹಿತ ಪಾವತಿಯಾಗುವ ಹಣವನ್ನು ಡೊನೇಷನ್ ಎಂದು ಸಾಬೀತುಪಡಿಸುವುದು ಸುಲಭವಲ್ಲ. ದೂರು ಕೊಡಬೇಕಾದವರು ಪೋಷಕರು. ಅದೇ ಶಾಲೆಯಲ್ಲಿ ಮುಂದಿನ ಹನ್ನೆರಡು ವರ್ಷ ಮಗುವನ್ನು ಓದಿಸಬೇಕಾದವರೂ ಅವರೇ. ಹೀಗಾಗಿ ದೂರುಗಳು ಗೊಣಗಾಟದ ಹಂತ ದಾಟುವುದಿಲ್ಲ.

ಕೀರ್ತಿ ಹುಟ್ಟುವ ಬಗೆ

ಶಾಲೆಯೊಂದು ‘ಒಳ್ಳೆಯ ಶಾಲೆ’ ಎನಿಸಿಕೊಳ್ಳುವುದು ಹೇಗೆ ಎಂಬುದು ಇಲ್ಲಿನ ಮೂಲ ಪ್ರಶ್ನೆ. ಕೆಲವು ಶಾಲೆಗಳಿಗೆ ವಯಸ್ಸೇ ಬಂಡವಾಳ. ಬೆಂಗಳೂರು ದಂಡು ಪ್ರದೇಶದಲ್ಲಿ ಸೇಂಟ್ ಜೋಸೆಫ್ಸ್ 1858ರಲ್ಲಿ, ಬಿಷಪ್ ಕಾಟನ್ 1865ರಲ್ಲಿ, ಬಾಲ್ಡ್‌ವಿನ್ 1880ರಲ್ಲಿ ಆರಂಭವಾದವು. ಸ್ವಾತಂತ್ರ್ಯಾನಂತರ ನಗರ ಬೆಳೆದಂತೆ ರಾಜಾಜಿನಗರ, ಬಸವನಗುಡಿ, ಜಯನಗರಗಳ ಮಧ್ಯಮ ವರ್ಗಕ್ಕೆ ಹೊಸ ಶಾಲೆಗಳು ಬಂದವು. ರಾಜಾಜಿನಗರದ ನ್ಯಾಷನಲ್ ಪಬ್ಲಿಕ್ ಸ್ಕೂಲ್ 1959ರಲ್ಲಿ ಪ್ರಾರಂಭವಾಯಿತು. 2000ದ ನಂತರ ಮಾಹಿತಿ ತಂತ್ರಜ್ಞಾನದ ಹಣ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಗಳತ್ತ ಹರಿದಂತೆ ‘ಇಂಟರ್‌ನ್ಯಾಷನಲ್’ ಎಂಬ ಪದವನ್ನು ಹೆಸರಿಗೆ ಅಂಟಿಸಿಕೊಂಡ ಮೂರನೇ ಪೀಳಿಗೆಯ ಶಾಲೆಗಳು ತಲೆ ಎತ್ತಿದವು.

ಪೋಷಕರು ಶಾಲೆಯನ್ನು ಅಳೆಯಲು ಬಳಸುವ ಅಳತೆಗೋಲು ಸಾಮಾನ್ಯವಾಗಿ ಹತ್ತನೇ ತರಗತಿಯ ಫಲಿತಾಂಶ. ಆದರೆ ಎಲ್‌ಕೆಜಿಗೆ ಸೇರುವ ಮಗುವಿಗೆ ಅಕ್ಷರ ತಿದ್ದಿಸುವ ಶಿಕ್ಷಕಿಯ ಸಾಮರ್ಥ್ಯಕ್ಕೂ ಹನ್ನೆರಡು ವರ್ಷ ಹಿಂದೆ ಸೇರಿದ ವಿದ್ಯಾರ್ಥಿಯ ಅಂಕಕ್ಕೂ ಇರುವ ಸಂಬಂಧ ಬಹಳ ತೆಳುವಾದುದು. ಆ ಅಂಕದ ಹಿಂದೆ ಮನೆಪಾಠವಿದೆ, ಟ್ಯುಟೋರಿಯಲ್ ಇದೆ, ಓದಿದ ತಂದೆತಾಯಿಯರಿದ್ದಾರೆ. ಕೆಲವು ಕಡೆ ಒಂಬತ್ತನೇ ತರಗತಿಗೆ ಮುನ್ನವೇ ಹಿಂದುಳಿದ ಮಕ್ಕಳನ್ನು ‘ಬೇರೆ ಶಾಲೆ ನೋಡಿಕೊಳ್ಳಿ’ ಎಂದು ಸಾಗಹಾಕುವ ಪರಿಪಾಠವೂ ಇದೆ. ಫಲಿತಾಂಶದ ಫ್ಲೆಕ್ಸ್ ಫಲಕದಲ್ಲಿ ಇವು ಯಾವುವೂ ಕಾಣಿಸುವುದಿಲ್ಲ.

ರ್‍ಯಾಂಕಿಂಗ್ ಪಟ್ಟಿಗಳ ಕಥೆಯೂ ಗಮನಾರ್ಹ. ಬೆಂಗಳೂರಿನಿಂದ ಪ್ರಕಟವಾಗುವ ‘ಎಜುಕೇಷನ್ ವರ್ಲ್ಡ್’ ನಿಯತಕಾಲಿಕ 2007ರಿಂದ ಶಾಲೆಗಳ ರಾಷ್ಟ್ರೀಯ ಪಟ್ಟಿ ನೀಡುತ್ತ ಬಂದಿದೆ. ಇಂತಹ ಪಟ್ಟಿಗಳಿಗೆ ಮುಖ್ಯ ಆಧಾರ ಪೋಷಕರು, ಶಿಕ್ಷಕರು ಮೊದಲಾದವರ ಅಭಿಪ್ರಾಯ ಸಮೀಕ್ಷೆ. ಶಾಲೆಯ ಬಗ್ಗೆ ಜನ ಏನು ಭಾವಿಸಿದ್ದಾರೆ ಎಂಬುದನ್ನು ಅವು ಅಳೆಯುತ್ತವೆಯೇ ಹೊರತು ಮಗು ಸೇರಿದಾಗ ಎಷ್ಟು ಕಲಿತಿತ್ತು, ಹೊರಡುವಾಗ ಎಷ್ಟು ಕಲಿಯಿತು ಎಂಬುದನ್ನಲ್ಲ. ಅಂದರೆ ಕೀರ್ತಿಯನ್ನು ಅಳೆದು ಕೀರ್ತಿಗೆ ಅಂಕ ಕೊಡಲಾಗುತ್ತದೆ. ಆ ಅಂಕದಿಂದ ಕೀರ್ತಿ ಮತ್ತಷ್ಟು ಹೆಚ್ಚುತ್ತದೆ.

ಖಾಸಗಿ ಶಾಲೆಯಿಂದಲೇ ಕಲಿಕೆ ಎಷ್ಟು ಹೆಚ್ಚುತ್ತದೆ ಎಂಬುದನ್ನು ತಿಳಿಯಲು ಅವಿಭಜಿತ ಆಂಧ್ರಪ್ರದೇಶದ ಹಳ್ಳಿಗಳಲ್ಲಿ 2008ರಿಂದ ನಾಲ್ಕು ವರ್ಷ ಒಂದು ಪ್ರಯೋಗ ನಡೆಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅದರ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಲಾಟರಿ ಎತ್ತಿ, ಗೆದ್ದವರಿಗೆ ಖಾಸಗಿ ಶಾಲೆಯ ಶುಲ್ಕ ಭರಿಸಲಾಯಿತು. ನಾಲ್ಕು ವರ್ಷದ ಬಳಿಕ ತೆಲುಗು ಮತ್ತು ಗಣಿತದಲ್ಲಿ ಗೆದ್ದವರಿಗೂ ಸೋತವರಿಗೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯ ಮಕ್ಕಳು ಬಹಳ ಮುಂದಿದ್ದರು. ಮಗುವೊಂದಕ್ಕೆ ಖಾಸಗಿ ಶಾಲೆ ಮಾಡುತ್ತಿದ್ದ ವೆಚ್ಚ ಸರ್ಕಾರಿ ಶಾಲೆಯದಕ್ಕಿಂತ ಬಹಳ ಕಡಿಮೆ ಎಂಬುದೂ ಬೆಳಕಿಗೆ ಬಂದಿತು. ಅವು ಕಡಿಮೆ ಶುಲ್ಕದ ಗ್ರಾಮೀಣ ಶಾಲೆಗಳು. ನಗರದ ಪ್ರತಿಷ್ಠಿತ ಶಾಲೆಗಳಿಗೆ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಪಾಠವೊಂದು ಉಳಿಯುತ್ತದೆ. ಆರಿಸಿಕೊಂಡ ಮಕ್ಕಳ ಸಾಧನೆಯನ್ನು ಶಾಲೆಯ ಸಾಧನೆ ಎಂದು ಎಣಿಸುವುದು ಆತುರದ ತೀರ್ಮಾನವಾದೀತು.

ಸಂದರ್ಶನ ಮಾಡುವ ಕೆಲಸ ಇದೇ. ನಾಲ್ಕು ವರ್ಷದ ಮಗುವಿನಲ್ಲಿ ಅಳೆಯಬಹುದಾದದ್ದು ಬಹಳ ಇಲ್ಲ. ಬಣ್ಣ ಗುರುತಿಸಬಹುದು, ಹೆಸರು ಹೇಳಬಹುದು, ಮನಸ್ಸಿದ್ದರೆ ಒಂದು ಶಿಶುಗೀತೆ. ನಿಜವಾಗಿ ಅಳತೆಗೆ ಸಿಗುವವರು ಎದುರು ಕುರ್ಚಿಯಲ್ಲಿ ಕುಳಿತ ತಂದೆತಾಯಿ. ಅವರ ಪದವಿ, ಉದ್ಯೋಗ, ಇಂಗ್ಲಿಷ್, ವಾಸದ ಬಡಾವಣೆ ಇವೆಲ್ಲ ಹತ್ತು ನಿಮಿಷದಲ್ಲಿ ತಿಳಿದುಬಿಡುತ್ತವೆ. ಮನೆಯಲ್ಲೇ ಓದಿಸಬಲ್ಲ ಕುಟುಂಬಗಳನ್ನು ಆರಿಸಿಕೊಂಡ ಶಾಲೆಗೆ ಹತ್ತನೇ ತರಗತಿಯಲ್ಲಿ ಉತ್ತಮ ಫಲಿತಾಂಶ ಬರುವುದು ಅಚ್ಚರಿಯಲ್ಲ. ಬಿತ್ತನೆಯ ಬೀಜವನ್ನೇ ಹೆಕ್ಕಿಕೊಂಡವನು ಬೆಳೆಗೆ ಭೂಮಿಯ ಗುಣವನ್ನಷ್ಟೇ ಕಾರಣವಾಗಿ ಹೇಳಿದಂತಾಗುತ್ತದೆ.

ಸೀಟಿನ ಬರವಲ್ಲ, ಹೆಸರಿನ ಬರ

ಹಾಗೆಂದು ಪೋಷಕರನ್ನು ಮರುಳರೆಂದು ಜರೆಯುವಂತಿಲ್ಲ. ಅವರ ಆಯ್ಕೆಗೆ ಕಾರಣಗಳಿವೆ. ಮೊದಲನೆಯದು ಭಾಷೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡದಲ್ಲೇ ಬೋಧನೆ ನಡೆಯಬೇಕೆಂದು ರಾಜ್ಯ 1994ರಲ್ಲಿ ತಂದ ನೀತಿ ಎರಡು ದಶಕ ನ್ಯಾಯಾಲಯದ ಮೆಟ್ಟಿಲಲ್ಲೇ ಕಳೆಯಿತು. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಬೋಧಿಸುತ್ತಿದ್ದ ಶಾಲೆಗಳ ವಿರುದ್ಧ 2006ರಲ್ಲಿ ಆಗಿನ ಸಚಿವ ಬಸವರಾಜ ಹೊರಟ್ಟಿ ಅವರ ಅವಧಿಯಲ್ಲಿ ಮಾನ್ಯತೆ ರದ್ದತಿಯ ಕ್ರಮ ಜರುಗಿದಾಗ, ಅಂತಹ ಶಾಲೆಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತ್ತು. ಕೊನೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಬೋಧನಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪಿತ್ತಿತು. ಅಲ್ಲಿಂದ ಇಂಗ್ಲಿಷ್ ಮಾಧ್ಯಮದ ಹಾದಿ ನಿರಾತಂಕವಾಯಿತು.

ಎರಡನೆಯದು, ನಗರಗಳಲ್ಲಿ ಸರ್ಕಾರಿ ಶಾಲೆಯ ಸ್ಥಾನ. ಕೇಂದ್ರ ಸಾಂಖ್ಯಿಕ ಸಚಿವಾಲಯ 2025ರಲ್ಲಿ ಪ್ರಕಟಿಸಿದ ಶಿಕ್ಷಣ ಸಮೀಕ್ಷೆಯಂತೆ ದೇಶದ ನಗರ ಪ್ರದೇಶಗಳಲ್ಲಿ ಸರ್ಕಾರಿ ಶಾಲೆಗೆ ದಾಖಲಾದವರು ಶೇ 30.1ರಷ್ಟು ಮಾತ್ರ. ಗ್ರಾಮಾಂತರದಲ್ಲಿ ಈ ಪ್ರಮಾಣ ಶೇ 66. ಸರ್ಕಾರಿ ಶಾಲೆಯ ವಿದ್ಯಾರ್ಥಿಯೊಬ್ಬನಿಗೆ ಕುಟುಂಬ ವರ್ಷಕ್ಕೆ ಸರಾಸರಿ 2,863 ರೂಪಾಯಿ ಖರ್ಚು ಮಾಡಿದರೆ, ಉಳಿದ ಶಾಲೆಗಳಲ್ಲಿ ಅದು 25,002 ರೂಪಾಯಿ. ಇದು ಊರೂರಿನ ಎಲ್ಲ ಶಾಲೆಗಳ ಸರಾಸರಿ. ಬೆಂಗಳೂರಿನ ಪ್ರತಿಷ್ಠಿತ ಶಾಲೆಗಳ ಎಲ್‌ಕೆಜಿ ಶುಲ್ಕ ಇದನ್ನು ಎಷ್ಟೋ ಪಟ್ಟು ಮೀರುತ್ತದೆ.

ಆದರೂ ಒಂದು ವಾಸ್ತವವನ್ನು ಕಡೆಗಣಿಸುವಂತಿಲ್ಲ. ಪೈಪೋಟಿ ಇರುವುದು ಕೆಲವೇ ಶಾಲೆಗಳಿಗೆ. ಅದೇ ಬಡಾವಣೆಯ ಇನ್ನೊಂದು ಬೀದಿಯಲ್ಲಿ ‘ಪ್ರವೇಶಗಳು ಆರಂಭವಾಗಿವೆ’ ಎಂಬ ಬ್ಯಾನರ್ ಜುಲೈವರೆಗೂ ತೂಗಾಡುವ ಖಾಸಗಿ ಶಾಲೆಗಳಿವೆ. ಅಂತಹ ಶಾಲೆಗಳ ಪೈಕಿ ಅನೇಕವು ಕೋವಿಡ್ ವರ್ಷಗಳ ಹೊಡೆತದಿಂದ ಬಾಗಿಲು ಮುಚ್ಚಿದವು.

ಪೈಪೋಟಿ ಇರುವುದಕ್ಕಿಂತ ಹೆಚ್ಚಾಗಿ ಕಾಣುವುದಕ್ಕೂ ಕಾರಣವಿದೆ. ಒಂದು ಬಡಾವಣೆಯಲ್ಲಿ ಐದು ಶಾಲೆಗಳು, ಪ್ರತಿ ಶಾಲೆಯಲ್ಲಿ 100 ಸೀಟು, ಸೇರಬೇಕಾದ ಮಕ್ಕಳು 500 ಎಂದಿಟ್ಟುಕೊಳ್ಳೋಣ. ಸೀಟಿಗೂ ಮಕ್ಕಳಿಗೂ ಸರಿಸಮ. ಆದರೆ ಸಿಗದೇ ಹೋದೀತೆಂಬ ಭಯದಿಂದ ಎಲ್ಲ ಪೋಷಕರೂ ಐದೂ ಶಾಲೆಗಳಿಗೆ ಅರ್ಜಿ ಹಾಕಿದರೆ ಪ್ರತಿ ಶಾಲೆಗೂ 500 ಅರ್ಜಿ ಬರುತ್ತದೆ. ‘ಒಂದು ಸೀಟಿಗೆ ಐವರು’ ಎಂದು ಐದೂ ಶಾಲೆಗಳು ಹೇಳಿಕೊಳ್ಳಬಹುದು. ಆ ಮಾತು ಕೇಳಿದವರು ಮರುವರ್ಷ ಏಳು ಶಾಲೆಗೆ ಅರ್ಜಿ ಹಾಕುತ್ತಾರೆ. ಅರ್ಜಿಯೊಂದಕ್ಕೆ ಪಡೆಯುವ, ಮರಳಿಸದ ಶುಲ್ಕವೂ ಶಾಲೆಯ ಬೊಕ್ಕಸಕ್ಕೆ ಸೇರುತ್ತದೆ.

ಆಡಳಿತ ಮಂಡಳಿಗಳ ವಾದವನ್ನೂ ತಳ್ಳಿಹಾಕಲಾಗದು. ನೂರು ಸೀಟಿಗೆ ಸಾವಿರ ಅರ್ಜಿ ಬಂದಾಗ ಯಾವುದಾದರೊಂದು ಕ್ರಮದಿಂದ ಆರಿಸಲೇಬೇಕಾಗುತ್ತದೆ. ಶಿಕ್ಷಕರ ವೇತನ, ಕಟ್ಟಡ, ವಾಹನ ಎಲ್ಲದರ ವೆಚ್ಚ ಏರಿದೆ. ಶುಲ್ಕದ ವಿಷಯದಲ್ಲಿ ಸರ್ಕಾರದ ಕೈ ಕಟ್ಟಿದೆ ಎಂಬುದೂ ಸತ್ಯ. ಖಾಸಗಿ ಅನುದಾನರಹಿತ ಶಾಲೆಗಳ ಶುಲ್ಕ ನಿಯಂತ್ರಿಸಲು ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿದ್ದ ಅಧಿಕಾರವನ್ನು ರಾಜ್ಯ ಹೈಕೋರ್ಟ್ 2023ರ ಜನವರಿಯಲ್ಲಿ ಅಸಾಂವಿಧಾನಿಕವೆಂದು ಸಾರಿತು.

ಮುಚ್ಚಿಕೊಂಡ ಶೇ 25ರ ಬಾಗಿಲು

ಪ್ರತಿಷ್ಠಿತ ಶಾಲೆಗೆ ಸಂದರ್ಶನವಿಲ್ಲದೆ, ಲಾಟರಿಯ ಮೂಲಕ ಒಳಹೋಗುವ ಒಂದು ದಾರಿ ಕೆಲವು ವರ್ಷ ರಾಜ್ಯದಲ್ಲಿ ತೆರೆದಿತ್ತು. ಶಿಕ್ಷಣ ಹಕ್ಕು ಕಾಯ್ದೆಯ 12ನೇ ಕಲಮಿನಂತೆ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಶೇ 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ನೀಡಬೇಕು. ಪೂರ್ವ ಪ್ರಾಥಮಿಕ ತರಗತಿ ಇರುವ ಶಾಲೆಯಲ್ಲಿ ಈ ನಿಯಮ ಅಲ್ಲಿಂದಲೇ ಅನ್ವಯ. ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 12ರಂದು ಇದನ್ನು ಎತ್ತಿಹಿಡಿದ ಮೇಲೆ ಕರ್ನಾಟಕದಲ್ಲಿ 2012-13ನೇ ಸಾಲಿನಿಂದ ಜಾರಿಯಾಯಿತು.

ಆರಂಭ ಸುಗಮವಾಗಿರಲಿಲ್ಲ. ಬೆಂಗಳೂರಿನ ಶಾಲೆಯೊಂದರಲ್ಲಿ ಈ ಕೋಟಾದಡಿ ಸೇರಿದ ಮಕ್ಕಳ ತಲೆಗೂದಲನ್ನು ಗುರುತಿಗಾಗಿ ಕತ್ತರಿಸಲಾಯಿತೆಂಬ ಆರೋಪ 2012ರ ಜುಲೈನಲ್ಲಿ ರಾಜ್ಯದಾದ್ಯಂತ ಆಕ್ರೋಶಕ್ಕೆ ಕಾರಣವಾಗಿತ್ತು. ಬಡ ಮಕ್ಕಳು ಬಂದರೆ ಗುಣಮಟ್ಟ ಕುಸಿಯುತ್ತದೆ ಎಂಬ ಆತಂಕವನ್ನು ಹಲವರು ಬಹಿರಂಗವಾಗಿಯೇ ಹೇಳಿದ್ದರು. ದೆಹಲಿಯ ಗಣ್ಯ ಶಾಲೆಗಳಲ್ಲಿ ಇಂತಹುದೇ ನಿಯಮ ಜಾರಿಯಾದ ನಂತರದ ಸ್ಥಿತಿಯನ್ನು ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಧ್ಯಯನ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಡ ಸಹಪಾಠಿಗಳೊಂದಿಗೆ ಬೆಳೆದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು, ಭೇದಭಾವ ಕಡಿಮೆಯಿತ್ತು. ಹಿಂದಿ ಮತ್ತು ಗಣಿತದ ಅಂಕಗಳಿಗೆ ಧಕ್ಕೆಯಾಗಿರಲಿಲ್ಲ. ಇಂಗ್ಲಿಷ್‌ನಲ್ಲಿ ಅಲ್ಪ ಇಳಿಕೆ ಕಂಡಿತ್ತು. ‘ಗುಣಮಟ್ಟ ಕುಸಿತ’ದ ಭೀತಿ ಎಷ್ಟು ಅತಿಶಯೋಕ್ತಿಯದು ಎಂಬುದಕ್ಕೆ ಇದು ಸಾಕ್ಷಿ.

ಕರ್ನಾಟಕದಲ್ಲಿ ಈ ಬಾಗಿಲು ಎರಡು ಹಂತಗಳಲ್ಲಿ ಮುಚ್ಚಿಕೊಂಡಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು, ಅಂದರೆ ಮಾಧ್ಯಮದ ತೀರ್ಪು ಬಂದ ದಿನವೇ, ತೀರ್ಪು ನೀಡಿತು. ಹಳೆಯ ಹೆಸರಾಂತ ಶಾಲೆಗಳಲ್ಲಿ ಅನೇಕವು ಕ್ರೈಸ್ತ ಸಂಸ್ಥೆಗಳವು. ಅವು ಕೋಟಾದಿಂದ ಹೊರಗುಳಿದವು. ಬಳಿಕ ರಾಜ್ಯ ಸರ್ಕಾರವೇ ನಿಯಮಕ್ಕೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಸೀಟು ಕೊಡಬೇಕಿಲ್ಲ ಎಂದಿತು. 2019-20ನೇ ಸಾಲಿನಿಂದ ಇದು ಜಾರಿಯಾಯಿತು. 2019ರ ಮೇ 31ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ, ಖಾಸಗಿ ಶಾಲೆಗಳಿಗೆ ಮರುಪಾವತಿಯ ಹೊರೆ ಏರುತ್ತಿದೆ ಎಂಬುದು ಸರ್ಕಾರದ ಸಮರ್ಥನೆಯಾಗಿತ್ತು. ಲಕ್ಷ ದಾಟಿದ್ದ ಸೀಟುಗಳು ಕೆಲವೇ ಸಾವಿರಗಳಿಗೆ ಇಳಿದವು. ನಗರದ ಬಹುತೇಕ ಎಲ್ಲ ವಾರ್ಡುಗಳಲ್ಲೂ ಒಂದಾದರೂ ಸರ್ಕಾರಿ ಶಾಲೆ ಇರುವುದರಿಂದ ಪ್ರತಿಷ್ಠಿತ ಶಾಲೆಗಳ ಮಟ್ಟಿಗೆ ಕೋಟಾ ಕಾಗದದ ಮೇಲಷ್ಟೇ ಉಳಿಯಿತು.

ಅಲ್ಪಸಂಖ್ಯಾತ ಶಾಲೆಗಳಿಗೆ ನೀಡಿದ ವಿನಾಯಿತಿ ಸರಿಯೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ 2025ರ ಸೆಪ್ಟೆಂಬರ್ 1ರಂದು ಮತ್ತೆ ಎತ್ತಿ, ವಿಸ್ತೃತ ಪೀಠದ ಪರಿಶೀಲನೆಗೆ ಶಿಫಾರಸು ಮಾಡಿತು.

ವಯಸ್ಸಿನ ಗೊಂದಲ

ಪ್ರವೇಶದ ಆತಂಕಕ್ಕೆ ಸರ್ಕಾರದ ಅನಿಶ್ಚಿತ ನಡೆಯೂ ತುಪ್ಪ ಸುರಿದಿದೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಶಿಕ್ಷಣ ಇಲಾಖೆ 2022ರ ಜುಲೈನಲ್ಲಿ ಆದೇಶಿಸಿತು. ಆಕ್ಷೇಪಗಳು ಬಂದಾಗ ಜಾರಿಯನ್ನು 2025-26ಕ್ಕೆ ಮುಂದೂಡಲಾಯಿತು. ಆ ಸಾಲು ಹತ್ತಿರವಾದಾಗ, 2025ರ ಏಪ್ರಿಲ್ 16ರಂದು, ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳಾಗಿದ್ದರೆ ಸಾಕು, ಈ ಸಡಿಲಿಕೆ ಆ ಒಂದು ವರ್ಷಕ್ಕೆ ಮಾತ್ರ ಎಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ ಪ್ರಕಟಿಸಿದರು.

ಆರು ವರ್ಷದ ನಿಯಮ ಶಿಕ್ಷಣ ತಜ್ಞರು ಒಪ್ಪುವಂಥದ್ದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಹೇಳುತ್ತದೆ. ಆದರೆ ಪ್ರವೇಶ ನಡೆಯುವುದು ಎಲ್‌ಕೆಜಿಗಾದ್ದರಿಂದ, ಒಂದನೇ ತರಗತಿಯ ನಿಯಮ ಬದಲಾದರೆ ಎರಡು ವರ್ಷ ಮೊದಲೇ ಸೇರಿದ ಮಕ್ಕಳ ಲೆಕ್ಕ ತಲೆಕೆಳಗಾಗುತ್ತದೆ. ಹರಸಾಹಸಪಟ್ಟು ಸೀಟು ಪಡೆದ ಕುಟುಂಬಕ್ಕೆ ಮಗು ಯುಕೆಜಿಯನ್ನು ಇನ್ನೊಂದು ವರ್ಷ ಓದಬೇಕೇ ಎಂಬ ಚಿಂತೆ, ಮತ್ತೊಂದು ವರ್ಷದ ಶುಲ್ಕದ ಹೊರೆ. ನಿಯಮ ಒಂದನೇ ತರಗತಿಯನ್ನು ನೋಡುತ್ತದೆ, ಬದುಕು ಎಲ್‌ಕೆಜಿಯಿಂದ ಶುರುವಾಗುತ್ತದೆ ಎಂಬುದಕ್ಕೆ ಇದು ಇನ್ನೊಂದು ನಿದರ್ಶನ.

ದೆಹಲಿ ಹಿಡಿದ ದಾರಿ

ನರ್ಸರಿ ಪ್ರವೇಶದ ಸಮಸ್ಯೆಯನ್ನು ದೇಶದಲ್ಲಿ ಅತಿ ಹೆಚ್ಚು ಕಾಲ ಎದುರಿಸಿದ ನಗರ ದೆಹಲಿ. ಹೈಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ, ಸಿಬಿಎಸ್‌ಇ ಅಧ್ಯಕ್ಷರಾಗಿದ್ದ ಅಶೋಕ್ ಗಂಗೂಲಿ ನೇತೃತ್ವದ ಸಮಿತಿಯ ಶಿಫಾರಸಿನಂತೆ, ಅಲ್ಲಿ ಮಕ್ಕಳ ಹಾಗೂ ಪೋಷಕರ ಸಂದರ್ಶನದ ಬದಲು ಅಂಕ ಪದ್ಧತಿ ಬಂದಿತು. ಮನೆಯಿಂದ ಶಾಲೆಗಿರುವ ದೂರ, ಒಡಹುಟ್ಟಿದವರು ಅಲ್ಲೇ ಓದುತ್ತಿದ್ದಾರೆಯೇ, ತಂದೆತಾಯಿ ಹಳೆಯ ವಿದ್ಯಾರ್ಥಿಗಳೇ ಎಂಬಂತಹ ಅಂಶಗಳಿಗೆ ಅಂಕ. ಈಗಲೂ ಅಲ್ಲಿ ಶಿಕ್ಷಣ ನಿರ್ದೇಶನಾಲಯ ಪ್ರತಿ ವರ್ಷ ಎಲ್ಲ ಖಾಸಗಿ ಶಾಲೆಗಳಿಗೂ ಒಂದೇ ವೇಳಾಪಟ್ಟಿ ಪ್ರಕಟಿಸುತ್ತದೆ. ಶಾಲೆಗಳು ತಮ್ಮ ಮಾನದಂಡ ಮತ್ತು ಅಂಕಗಳನ್ನು ಮೊದಲೇ ಬಹಿರಂಗಪಡಿಸಬೇಕು. ಅಂಕ ಸಮವಾದರೆ ಪೋಷಕರ ಎದುರೇ ಚೀಟಿ ಎತ್ತಬೇಕು.

ಈ ವ್ಯವಸ್ಥೆಯೇನೂ ನಿರ್ದೋಷಿಯಲ್ಲ. ಕೆಲವು ಶಾಲೆಗಳು ತಂದೆತಾಯಿ ಧೂಮಪಾನ ಮಾಡುತ್ತಾರೆಯೇ, ಸಸ್ಯಾಹಾರಿಗಳೇ ಎಂಬುದಕ್ಕೂ ಅಂಕ ಇಟ್ಟಿದ್ದವು. 2016ರ ಜನವರಿಯಲ್ಲಿ ದೆಹಲಿ ಸರ್ಕಾರ ಇಂತಹ 62 ಮಾನದಂಡಗಳನ್ನು ಆಡಳಿತ ಮಂಡಳಿ ಕೋಟಾ ಸಹಿತ ರದ್ದುಪಡಿಸಿತು. ಅವುಗಳಲ್ಲಿ 11ರ ಮೇಲಿನ ನಿಷೇಧಕ್ಕೆ ಹೈಕೋರ್ಟ್ ತಡೆ ನೀಡಿತು. ಹಗ್ಗಜಗ್ಗಾಟ ಇಂದಿಗೂ ಮುಗಿದಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿನ ಶಾಲೆಗಳು ಬಳಸುತ್ತಿದ್ದ ಅಸಂಗತ ಮಾನದಂಡಗಳು 62 ಎಂದು ಎಣಿಸಲು ಸಾಧ್ಯವಾದದ್ದು ಅವನ್ನು ಬರೆದು ಪ್ರಕಟಿಸಬೇಕಿದ್ದುದರಿಂದ. ಕರ್ನಾಟಕದಲ್ಲಿ ಎಣಿಸಲು ಪಟ್ಟಿಯೇ ಇಲ್ಲ. ‘ನಿಮ್ಮ ಮಗು ಆಯ್ಕೆಯಾಗಿಲ್ಲ’ ಎಂಬ ಒಂದು ಸಾಲಿನ ಸಂದೇಶವೇ ಪೋಷಕರಿಗೆ ಸಿಗುವ ಉತ್ತರ.

ಆಗಬೇಕಾದುದೇನು?

ಶುಲ್ಕ ನಿಯಂತ್ರಣ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ, ಮಾಧ್ಯಮ ನೀತಿಯೂ ನಿಲ್ಲಲಿಲ್ಲ. ಆದರೆ ಪ್ರವೇಶ ಪ್ರಕ್ರಿಯೆಯನ್ನು ಬಹಿರಂಗಗೊಳಿಸಿ ಎಂದು ಕೇಳುವುದು ಶಾಲೆಯ ಸ್ವಾಯತ್ತತೆಗೆ ಕೈಹಾಕಿದಂತೆ ಆಗದು. ಎಲ್‌ಕೆಜಿಯಲ್ಲಿ ಒಟ್ಟು ಎಷ್ಟು ಸೀಟು, ಅದರಲ್ಲಿ ಒಡಹುಟ್ಟಿದವರಿಗೆ, ಸಿಬ್ಬಂದಿ ಮಕ್ಕಳಿಗೆ, ಆಡಳಿತ ಮಂಡಳಿಗೆ ಎಷ್ಟು, ಸಾರ್ವಜನಿಕರಿಗೆ ಉಳಿಯುವುದೆಷ್ಟು ಎಂಬುದನ್ನು ಅರ್ಜಿ ಬಿಡುವ ಮೊದಲೇ ಪ್ರಕಟಿಸಬೇಕು. ಒಂದು ನಗರದ ಎಲ್ಲ ಶಾಲೆಗಳಿಗೂ ಒಂದೇ ವೇಳಾಪಟ್ಟಿ ಇರಬೇಕು. ಉಳಿದ ಸೀಟುಗಳಿಗೆ ದೂರದ ಲೆಕ್ಕ, ಅನಂತರ ಚೀಟಿ. ಹತ್ತಿರದ ಮಗುವಿಗೆ ಆದ್ಯತೆ ದೊರೆತರೆ ನಾಲ್ಕು ವರ್ಷದ ಕಂದಮ್ಮಗಳು ಬೆಳಗಿನ ಏಳಕ್ಕೇ ವ್ಯಾನ್ ಹತ್ತಿ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ನಿದ್ದೆ ಮಾಡುವುದೂ ತಪ್ಪುತ್ತದೆ.

ಇದರ ಜೊತೆಗೆ ಸರ್ಕಾರಿ ಶಾಲೆಯೂ ಸ್ಪರ್ಧೆಗೆ ಇಳಿಯಬೇಕಿದೆ. ಅದು ಅಸಾಧ್ಯವೇನಲ್ಲ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದು ತಲಾ 30 ಮಕ್ಕಳಿಗೆ ಪ್ರವೇಶ ಮಿತಿಗೊಳಿಸಿದಾಗ ಹಲವೆಡೆ ಸೀಟು ಸಾಲದಾಯಿತು. ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೂ ಬೇಡಿಕೆ ಇದೆ. ಪೋಷಕರು ಖಾಸಗಿ ಹೆಸರಿಗೆ ಮಾರುಹೋದವರಲ್ಲ, ಎಲ್‌ಕೆಜಿಯಿಂದ ಆರಂಭವಾಗುವ, ಮಧ್ಯೆ ಕೈಬಿಡದ ಶಾಲೆಯನ್ನು ಹುಡುಕುತ್ತಿರುವವರು ಎಂಬುದನ್ನು ಇದು ತೋರಿಸುತ್ತದೆ.

ಪೋಷಕರಿಗೂ ಒಂದು ಮಾತು. ಶಾಲೆ ಆರಿಸುವಾಗ ಹತ್ತನೇ ತರಗತಿಯ ಫಲಕ ನೋಡುವ ಬದಲು ಎಲ್‌ಕೆಜಿ ಕೊಠಡಿಯಲ್ಲಿ ಮಕ್ಕಳೆಷ್ಟು, ಶಿಕ್ಷಕಿಯರು ಎಷ್ಟು ವರ್ಷ ಅಲ್ಲೇ ಉಳಿಯುತ್ತಾರೆ, ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಶಾಲೆ ಏನು ಮಾಡುತ್ತದೆ ಎಂದು ಕೇಳುವುದು ಒಳಿತು. ಎರಡು ಬೀದಿ ಆಚೆಯ, ಸಾಲಿಲ್ಲದ ಶಾಲೆಗೂ ಒಮ್ಮೆ ಹೋಗಿ ಬರಬೇಕು. ಈ ಮೂರು ಪ್ರಶ್ನೆಗಳಿಗೆ ಅಲ್ಲಿ ಸಮಾಧಾನದ ಉತ್ತರ ಸಿಕ್ಕಿದರೂ ಸಿಕ್ಕೀತು.

ಸರ್ಕಾರದ ಪಾಲಿಗೆ ಉಳಿಯುವ ಕೆಲಸ ಸ್ಪಷ್ಟ. ಹದಿನೈದು ವರ್ಷ ಒಂದನೇ ತರಗತಿಯ ಬಾಗಿಲಲ್ಲಿ ನಿಂತ ಕಾವಲನ್ನು ಎಲ್‌ಕೆಜಿ ಬಾಗಿಲಿಗೆ ಸರಿಸಬೇಕು. ನಾಲ್ಕು ವರ್ಷದ ಮಗುವನ್ನು ಬೇಡವೆಂದು ಹೇಳುವ ಶಾಲೆ, ಏಕೆ ಬೇಡವೆಂಬುದನ್ನು ಬರೆದು ಕೊಡಲಾದರೂ ಬದ್ಧವಾಗಿರಬೇಕು.